ಆಪ್ತಸಲಹೆ ಪ್ರಕರಣ: ಟೈಮ್ ಇಳಿದಿದೆ, ಮೆಡಲ್ ಇಲ್ಲ

ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಹುಡುಗನಿಗೆ 13 ವರ್ಷ. ಈಜುಗಾರ, ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆಯ ಹಾಗೆ ಕೈಕಾಲು ಆಡಿಸುವ ಈಜು). ಅಪ್ಪ ವಿಜಯಪುರದ ಕಡೆಯವರು, ಪುಣೆ ಹತ್ತಿರದ ಭೋಸರಿಯಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದಾರೆ. ಮನೆ ಚಿಂಚವಡದಲ್ಲಿ. ಸ್ಪರ್ಧೆ ಹತ್ತಿರ ಬಂದರೆ ಸಾಕು, ಹುಡುಗನಿಗೆ ಹೊಟ್ಟೆನೋವು, ವಾಂತಿ. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಅಂದ ಮೇಲೆ ನನ್ನ ಹತ್ತಿರ ಬಂದರು. ಮೊದಲು ಡಾಕ್ಟರಿಗೆ ತೋರಿಸಿದ್ದು ಒಳ್ಳೆಯದೇ ಆಯಿತು, ಎಲ್ಲವನ್ನೂ ಟೆನ್ಷನ್ ಅಂತ ತಳ್ಳಿಹಾಕಬಾರದು.

"11 ವರ್ಷ ಇದ್ದಾಗ ಯಾವ ಮೀಟ್‌ಗೆ ಹೋದರೂ ಫಸ್ಟ್ ಬರ್ತಿದ್ದ ಮೇಡಂ, ಈಗ ಆರು, ಏಳು. ಮನಸ್ಸಿಟ್ಟು ಮಾಡ್ತಿಲ್ಲ." ಇದು ಅಪ್ಪನ ದೂರು. ಯಾವ ಮೀಟ್‌ನಲ್ಲಿ ಎಷ್ಟನೇ ಸ್ಥಾನ ಅನ್ನೋದು ಅವರಿಗೆ ಬಾಯಿಪಾಠ. ಟೈಮ್ ಎಷ್ಟು ಅಂತ ಕೇಳಿದೆ. ಗೊತ್ತಿರಲಿಲ್ಲ. ಅಲ್ಲಿಯವರೆಗೆ ನೆಲ ನೋಡ್ತಾ ಕೂತಿದ್ದ ಹುಡುಗ ತಲೆ ಎತ್ತದೆಯೇ ಹೇಳಿದ: 100 ಮೀಟರ್‌ಗೆ ಆಗ 1 ನಿಮಿಷ 31 ಸೆಕೆಂಡ್, ಈಗ 1 ನಿಮಿಷ 20.

ಇಷ್ಟು ಇಳಿಸಿದವನು ಮನಸ್ಸಿಟ್ಟು ಮಾಡ್ತಿಲ್ಲ ಅಂದ್ರೆ ಹೇಗೆ? ಆಗಿದ್ದು ಇಷ್ಟೇ, ಜೊತೆಯ ಹುಡುಗರು ಬೆಳೆದರು. ಗಂಡುಹುಡುಗರು ದಿಢೀರ್ ಎತ್ತರ ಆಗೋದು ಸಾಮಾನ್ಯವಾಗಿ 13-14ರ ಸುಮಾರಿಗೆ, ಕೆಲವರಿಗೆ ಒಂದೆರಡು ವರ್ಷ ಮೊದಲೇ, ಕೆಲವರಿಗೆ ತಡವಾಗಿ. ವಯಸ್ಸಿನ ಗುಂಪು ಮಾಡುವವರು ಹುಟ್ಟಿದ ತಾರೀಖು ನೋಡ್ತಾರೆ, ಮೀಸೆ ನೋಡಲ್ಲ. ಇವನಿಗಿನ್ನೂ ದನಿಯೇ ಒಡೆದಿಲ್ಲ, ಪಕ್ಕದ ಲೇನ್‌ನಲ್ಲಿ ಗಂಡಸರಂಥ ಭುಜದವರು.

"ನಾಲ್ಕನೇ ಬಂದವರನ್ನೇ ಯಾರೂ ನೆನಪಿಟ್ಟುಕೊಳ್ಳಲ್ಲ, ಇನ್ನು ಏಳನೇದು!" ಅಂದರು ಅಪ್ಪ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಿಂದ ನಾಲ್ಕನೇ ಆದರಲ್ಲ, ಆ ಕಂಚು ಯಾರಿಗೆ ಸಿಕ್ತು ಹೇಳಿ ನೋಡೋಣ ಅಂದೆ. ನಕ್ಕರು, ಒಪ್ಪಲಿಲ್ಲ. ಕೊನೆಗೆ ಅವರ ಕೆಲಸಕ್ಕೇ ಬಂದೆ. ಒಂದು ಪಾರ್ಟ್ ಪಾಸೋ ಫೇಲೋ ಅಂತ ನೋಡೋಕೆ ಅದರ ಡ್ರಾಯಿಂಗ್ ಇಟ್ಟು ಅಳೀತೀರೋ, ಪಕ್ಕದ ಟ್ರೇನಲ್ಲಿರೋ ಪಾರ್ಟ್ ಇಟ್ಟೋ? ಸುಮ್ಮನಾದರು. ಅದು ನಾಟಿತು.

ಅಮ್ಮ ಹೇಳಿದ್ದು ಬೇರೆ. ಮೀಟ್ ಮುಗಿಸಿ ಬಾಳೇವಾಡಿಯಿಂದ ಮನೆಗೆ ಬರೋವರೆಗೂ ಕಾರಲ್ಲಿ ಅಪ್ಪನ ವಿಶ್ಲೇಷಣೆ ನಡೀತಾನೇ ಇರುತ್ತಂತೆ, ಹುಡುಗ ಒದ್ದೆ ಟವೆಲ್ ಮುಖದ ಮೇಲೆ ಹಾಕ್ಕೊಂಡು ನಿದ್ದೆ ಬಂದವರ ಹಾಗೆ ಬಿದ್ದಿರ್ತಾನಂತೆ. ಅವನು ಹೆದರ್ತಿದ್ದದ್ದು ಆ ದಾರಿಗೇ ಅಂತ ನನಗನಿಸಿತು.

ಅಪ್ಪನಿಗೆ ಹೇಳಿದ್ದು: ಕಾರಲ್ಲಿ ರೇಸ್ ಮಾತು ಬೇಡ. ಊಟ ಆಗಲಿ, ಅವನಾಗೇ ತೆಗೆದರೆ ಮಾತಾಡಿ. ಆಗಲೂ 'ಎಷ್ಟನೇ ಬಂದೆ' ಅನ್ನೋ ಬದಲು 'ಅಂದುಕೊಂಡದ್ದು ಆಯ್ತಾ' ಅಂತ ಕೇಳಿ. ಹಾಗಂತ 'ಗೆಲುವು ಮುಖ್ಯ ಅಲ್ಲ ಮಗಾ' ಅನ್ನೋಕೂ ಹೋಗಬೇಡಿ. ಅವನಿಗೆ ಗೆಲ್ಲೋ ಆಸೆ ಇದೆ, ಇರಲಿ. ಸೋತ ದಿನ ಮಾತ್ರ ಈ ಮಾತು ಬಂದರೆ ಅದು ಸಮಾಧಾನಕ್ಕೆ ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತಾಗುತ್ತೆ. (ಬಂದವರಿಗೆಲ್ಲ ಮೆಡಲ್ ಹಂಚೋದು ನನಗೂ ಇಷ್ಟ ಇಲ್ಲ.)

ಹುಡುಗನಿಗೆ: ಪ್ರತಿ ರೇಸ್‌ಗೆ ನಿನ್ನ ಕೈಯಲ್ಲಿರೋ ಒಂದೇ ಒಂದು ಕೆಲಸ ಆರಿಸ್ಕೋ, ಕೋಚ್ ಜೊತೆ ಮಾತಾಡಿ. ಅವನು ಆರಿಸಿದ್ದು ಪುಲ್‌ಔಟ್. ಅದೇನು ಅಂತ ಕೇಳಿದ್ದೇ ತಡ, ಎದ್ದು ನಿಂತು ತೋರಿಸಿದ. ಗೋಡೆ ಒದ್ದು ಹೊರಟ ಮೇಲೆ ನೀರೊಳಗೇ ಕೈಯನ್ನು ತೊಡೆಯವರೆಗೆ ಒಂದು ಸಲ ಪೂರ್ತಿ ಎಳೀಬೇಕು, ಒಂದು ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಬಾಲದ ಹಾಗೆ ಬಡಿಯೋದು), ಒಂದು ಬ್ರೆಸ್ಟ್‌ಸ್ಟ್ರೋಕ್ ಕಿಕ್, ಆಮೇಲೆ ಮೇಲೆ. ನಿಯಮದಲ್ಲಿ ಅಷ್ಟಕ್ಕೇ ಅವಕಾಶ. 50 ಮೀಟರ್ ಕೊಳದಲ್ಲಿ 100 ಮೀಟರ್ ರೇಸ್‌ಗೆ ಇದು ಎರಡೇ ಸಲ, ಡೈವ್ ಆದಮೇಲೆ ಮತ್ತು ತಿರುವಿನಲ್ಲಿ. ತಿರುವಿನಲ್ಲಿ ಇವನು ಉಸಿರು ಸಾಲದೆ ಬೇಗ ಮೇಲೆ ಬಂದುಬಿಡ್ತಿದ್ದ. ಅಷ್ಟು ಹೊತ್ತು ಅವನು ಮಾತಾಡಿದ್ದು ಅದೇ ಮೊದಲು.

ಮುಂದಿನ ಮೀಟ್‌ನಲ್ಲಿ ಮತ್ತೆ ಏಳನೇದು. ಟೈಮ್ ಸ್ವಲ್ಪ ಜಾಸ್ತಿನೇ ಆಗಿತ್ತು. ತಿರುವಿನ ಪುಲ್‌ಔಟ್ ಮಾತ್ರ ಪೂರ್ತಿ ಆಯ್ತು ಅಂತ ಬಂದು ಹೇಳಿದ. ಬೆಳಿಗ್ಗೆ ಹೊಟ್ಟೆನೋವು ಇತ್ತು, ವಾಂತಿ ಆಗಲಿಲ್ಲ. ಅಪ್ಪ ಅರ್ಧ ದಾರಿ ತಡ್ಕೊಂಡರಂತೆ.

ಈಜು ಬಿಟ್ಟುಬಿಡ್ತೀನಿ ಅಂತಲೂ ಅವನು ಒಮ್ಮೆ ಅಂದಿದ್ದ. ಬಿಡಬಹುದು, ಆದರೆ ರೇಸ್ ಆದ ವಾರದಲ್ಲಿ ಆ ತೀರ್ಮಾನ ಬೇಡ, ಸೀಸನ್ ಮುಗಿಯಲಿ, ಆಗ ಮೂವರೂ ಬನ್ನಿ, ಕೂತು ಮಾತಾಡೋಣ ಅಂತ ಹೇಳಿ ಕಳಿಸಿದ್ದೇನೆ.