ಹೆಪಟೈಟಿಸ್ ಬಿ ಇರುವ ಗರ್ಭಿಣಿಯ ಕಳವಳ

ಪ್ರಶ್ನೆ: ನನಗೀಗ ಆರು ತಿಂಗಳು. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಇದೆಯೆಂದು ತಿಳಿದ ದಿನದಿಂದ ಅತ್ತೆಯವರು ನನ್ನ ತಟ್ಟೆ, ಲೋಟಗಳನ್ನು ಬೇರೆ ಇಟ್ಟಿದ್ದಾರೆ. ಮಗುವಿಗೂ ತಗಲುತ್ತದೆಂಬ ಭಯದಿಂದ ನಿದ್ದೆಯೇ ಬರುವುದಿಲ್ಲ. ನಾನೇ ತಪ್ಪಿತಸ್ಥೆ ಎನಿಸುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಹಾವೇರಿ

ಉತ್ತರ: ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಯಕೃತ್ತಿಗೆ (ಲಿವರ್) ತಗಲುವ ಈ ವೈರಾಣು ಅನೇಕರಿಗೆ ಹುಟ್ಟುವಾಗ ತಾಯಿಯಿಂದಲೋ ಎಳೆಯ ವಯಸ್ಸಿನಲ್ಲೋ ಬಂದು, ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಉಳಿದಿದ್ದು, ಬಸಿರಿನ ತಪಾಸಣೆಯಲ್ಲಿ ಮೊದಲ ಬಾರಿಗೆ ಗೊತ್ತಾಗುವುದುಂಟು. ಒಟ್ಟಿಗೆ ಉಣ್ಣುವುದರಿಂದ, ಒಂದೇ ಲೋಟದಲ್ಲಿ ಕುಡಿಯುವುದರಿಂದ ಇದು ಹರಡುವುದಿಲ್ಲ. ನೀವು ಹೇಳಿದರೆ ನಂಬದಿರಬಹುದಾದ ಅತ್ತೆಯವರನ್ನು ಪತಿಯೊಂದಿಗೆ ಮುಂದಿನ ತಪಾಸಣೆಗೆ ಕರೆದೊಯ್ದು, ವೈದ್ಯರ ಬಾಯಿಂದಲೇ ಈ ಮಾತನ್ನು ಕೇಳಿಸಿ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡು, ಅಗತ್ಯವಿದ್ದವರು ಲಸಿಕೆ ಪಡೆಯಲಿ.

ಮಗುವಿನ ವಿಷಯದಲ್ಲಿ ಧೈರ್ಯ ತಾಳಲು ಗಟ್ಟಿಯಾದ ಕಾರಣವಿದೆ. ಹುಟ್ಟಿದ 24 ಗಂಟೆಯೊಳಗೆ ಲಸಿಕೆಯ ಮೊದಲ ಡೋಸ್ ಹಾಗೂ ಇಮ್ಯುನೊಗ್ಲಾಬ್ಯುಲಿನ್ (ವೈರಾಣುವನ್ನು ತಡೆಯುವ ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದು ಸಿಕ್ಕು, ಉಳಿದ ಡೋಸ್‌ಗಳೂ ಸಕಾಲಕ್ಕೆ ಆದರೆ, ಬಹುಪಾಲು ಮಕ್ಕಳು ಸೋಂಕಿಲ್ಲದೆ ಬೆಳೆಯುತ್ತಾರೆ. ರಕ್ತದಲ್ಲಿ ವೈರಾಣುವಿನ ಪ್ರಮಾಣ ಹೆಚ್ಚಿದ್ದರೆ ಕೊನೆಯ ಮೂರು ತಿಂಗಳಲ್ಲಿ ಅದನ್ನು ತಗ್ಗಿಸುವ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ. ಆ ಪ್ರಮಾಣವನ್ನು ಅಳೆಯುವ ರಕ್ತಪರೀಕ್ಷೆಯನ್ನು ಈಗಲೇ ಕೇಳಿ ಮಾಡಿಸಿ. ಎದೆಹಾಲನ್ನೂ ಧಾರಾಳವಾಗಿ ಕುಡಿಸಬಹುದು.

ನಿದ್ದೆಗೇಡು, ಅಳು, ತಪ್ಪಿತಸ್ಥ ಭಾವನೆ ಎರಡು ವಾರ ದಾಟಿದರೆ ಅದು ಖಿನ್ನತೆಯಾಗಿರಬಹುದು. ‘ಬಸಿರಿಯರಿಗೆ ಇದೆಲ್ಲ ಸಹಜ’ ಎಂದು ಯಾರಾದರೂ ತಳ್ಳಿಹಾಕಿದರೂ ನೀವು ತಳ್ಳಿಹಾಕಬೇಡಿ. ಹೆರಿಗೆ ವೈದ್ಯರಿಗೆ ಹೇಳಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಯೋಚನೆ ಸುಳಿದರೆ ಮಾತ್ರ ಎರಡು ವಾರ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.