ಓದುಗರ ಪ್ರಶ್ನೆ: ಸ್ಕೂಬಾ ಕಲಿಕೆ ಮತ್ತು ನೀರಿನಡಿಯ ಜೊತೆಗಾರ

ಪ್ರಶ್ನೆ: ನಾನು ಐಟಿ ಉದ್ಯೋಗಿ, ವಯಸ್ಸು 38. ಎರಡು ವರ್ಷದ ಹಿಂದೆ ಮುರ್ಡೇಶ್ವರದಲ್ಲಿ ಸ್ಕೂಬಾ ಡೈವಿಂಗಿನ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ನೀರಿಗಿಳಿಯುವುದು) ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿದೆ. ನೇತ್ರಾಣಿ, ಅಂಡಮಾನ್ ಎರಡೂ ಸೇರಿ ಈವರೆಗೆ 16 ಡೈವ್ ಆಗಿವೆ. ಪ್ರತಿ ಸಲವೂ ದೋಣಿಯಲ್ಲಿ ಯಾರೋ ಅಪರಿಚಿತರೊಂದಿಗೆ ನನ್ನನ್ನು ಜೋಡಿ ಮಾಡುತ್ತಾರೆ. ಒಂದೇ ಆಳದಲ್ಲಿ ನಿಲ್ಲಲು ನನ್ನಿಂದ ಆಗುವುದಿಲ್ಲ, ಗಾಳಿಯೂ ಎಲ್ಲರಿಗಿಂತ ಮೊದಲು ನನ್ನದೇ ಮುಗಿಯುತ್ತದೆ. ಒಬ್ಬ ಗೆಳೆಯ ಅಡ್ವಾನ್ಸ್‌ಡ್ ಕೋರ್ಸ್ ಮಾಡು ಎನ್ನುತ್ತಾನೆ, ಇನ್ನೊಬ್ಬ ಮೊದಲು ‘ಫಂಡಮೆಂಟಲ್ಸ್’ ಮಾಡು ಎನ್ನುತ್ತಾನೆ. ಯಾವುದು ಸರಿ? ನನಗೆ ಹೊಂದುವ ಜೊತೆಗಾರರನ್ನು ಎಲ್ಲಿ ಹುಡುಕಲಿ?
– ಓದುಗರು, ಬೆಂಗಳೂರು

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ, ಆದರೆ ಎರಡಕ್ಕೂ ಬೇರು ಒಂದೇ ಎಂದು ನನಗನ್ನಿಸುತ್ತದೆ. ನೀರಿನಲ್ಲಿ ತನ್ನನ್ನು ತಾನು ಸಂಭಾಳಿಸಿಕೊಳ್ಳುವುದರಲ್ಲೇ ಗಮನವೆಲ್ಲ ಖರ್ಚಾಗುವವರಿಗೆ ಜೊತೆಗಾರನ ಕಡೆ ತಿರುಗಿ ನೋಡಲು ಏನೂ ಉಳಿಯುವುದಿಲ್ಲ. ಅಂಥವರಿಗೆ ಎಂಥ ಜೊತೆಗಾರ ಸಿಕ್ಕರೂ ಅವನು ಅಪರಿಚಿತನೇ.

ಅಡ್ವಾನ್ಸ್‌ಡ್ ಕೋರ್ಸನ್ನು ನಾನು ಹಳಿಯುತ್ತಿಲ್ಲ. ಐದು ಬಗೆಯ ಡೈವ್‌ಗಳ ರುಚಿ ತೋರಿಸಿ, ಓಪನ್ ವಾಟರ್‌ನ 18 ಮೀಟರ್ ಮಿತಿಯನ್ನು 30 ಮೀಟರಿಗೆ ಹೆಚ್ಚಿಸುವುದು ಅದರ ಸ್ವರೂಪ. ಆದರೆ 12 ಮೀಟರಿನಲ್ಲಿ ನಿಲ್ಲಲಾಗದವರಿಗೆ 30 ಮೀಟರಿನ ಅನುಮತಿ ಯಾಕೆ ಎಂಬುದು ನನ್ನ ತಕರಾರು. ನಿಮ್ಮ ಎರಡನೆಯ ಗೆಳೆಯ ಹೇಳುತ್ತಿರುವುದು ಜಿ.ಯು.ಇ. ಫಂಡಮೆಂಟಲ್ಸ್ ಕೋರ್ಸನ್ನು ಇರಬೇಕು. ಜಿ.ಯು.ಇ. ಎಂದರೆ ಗ್ಲೋಬಲ್ ಅಂಡರ್‌ವಾಟರ್ ಎಕ್ಸ್‌ಪ್ಲೋರರ್ಸ್. ಫ್ಲೋರಿಡಾದ ನೀರುತುಂಬಿದ ಗುಹೆಗಳನ್ನು ಶೋಧಿಸುತ್ತಿದ್ದ ಜ್ಯಾರಡ್ ಜಬ್ಲಾನ್‌ಸ್ಕಿ ಮತ್ತು ಅವರ ಸಂಗಡಿಗರು 1998ರಲ್ಲಿ ಕಟ್ಟಿದ ಸಂಸ್ಥೆ ಅದು. ತಲೆಯ ಮೇಲೆ ಬಂಡೆಯ ಚಾವಣಿ ಇರುವಲ್ಲಿ ಜೊತೆಗಾರನನ್ನು ಬಿಟ್ಟರೆ ಬೇರೆ ದಿಕ್ಕಿಲ್ಲವಾದ್ದರಿಂದ, ಎಲ್ಲರ ಸಲಕರಣೆ ಒಂದೇ ರೀತಿ, ಎಲ್ಲರ ಸಂಜ್ಞೆ ಒಂದೇ ರೀತಿ ಎಂಬ ಶಿಸ್ತು ಅಲ್ಲಿಂದಲೇ ಬಂದದ್ದು.

ಆ ಕೋರ್ಸಿನಲ್ಲಿ ಹೊಸ ಆಳವನ್ನಾಗಲಿ ಹೊಸ ಜಾಗವನ್ನಾಗಲಿ ತೋರಿಸುವುದಿಲ್ಲ. ಕೆಲವು ಮೀಟರ್ ಆಳದಲ್ಲಿ, ನೆಲ ಮುಟ್ಟದೆ, ಮೈಯನ್ನು ಅಡ್ಡಡ್ಡ ಚಾಪೆಯಂತೆ ಹಿಡಿದು, ಮಾಸ್ಕ್ ತೆಗೆದು ಹಾಕುವುದು, ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್ ಬದಲಿಸುವುದು, ಗಾಳಿ ಹಂಚಿಕೊಳ್ಳುವುದು, ಕಪ್ಪೆಗಾಲಿನ ಹೊಡೆತ, ಹಿಮ್ಮುಖ ಈಜು ಇವನ್ನೇ ದಿನಗಟ್ಟಲೆ ಮಾಡಿಸುತ್ತಾರೆ. ಸಂಜೆ ಕೂರಿಸಿ ನಿಮ್ಮದೇ ವಿಡಿಯೋ ತೋರಿಸುತ್ತಾರೆ. ನಾನು ನೀರಿನಲ್ಲಿ ಮೀನಿನಂತೆ ಇದ್ದೇನೆ ಎಂದುಕೊಂಡಿದ್ದವನು ತೆರೆಯ ಮೇಲೆ ಸೈಕಲ್ ತುಳಿಯುತ್ತಿರುವುದನ್ನು ನೋಡಿ ತಲೆತಗ್ಗಿಸಿದ್ದು ನನಗಿನ್ನೂ ನೆನಪಿದೆ. ಸೇರುವ ಮುನ್ನ ಎರಡು ಸಂಗತಿ ತಿಳಿದಿರಲಿ: 275 ಮೀಟರನ್ನು 14 ನಿಮಿಷದೊಳಗೆ ನಿಲ್ಲದೆ ಈಜಬೇಕು, ಮತ್ತು ಧೂಮಪಾನ ಮಾಡುವವರಿಗೆ ಪ್ರವೇಶವಿಲ್ಲ. ಎಲ್ಲ ಡೈವ್ ಸೆಂಟರುಗಳಲ್ಲೂ ಸಿಗುವ ಕೋರ್ಸಲ್ಲ, ಪ್ರಯಾಣದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಷ್ಟಕ್ಕೆ ಅನುಕೂಲವಿಲ್ಲದಿದ್ದರೆ ಡೈವಿಂಗ್ ಕಲಿಸುವ ಪ್ಯಾಡಿ ಸಂಸ್ಥೆಯ ‘ಪೀಕ್ ಪರ್ಫಾರ್ಮೆನ್ಸ್ ಬಾಯನ್ಸಿ’ ಎಂಬ, ತೇಲುವಿಕೆಯ ಹತೋಟಿ ಕಲಿಸುವ ಚಿಕ್ಕ ಕೋರ್ಸಾದರೂ ಆದೀತು. ಆದರೆ ಅದನ್ನು ಒಳ್ಳೆಯ ಶಿಕ್ಷಕರ ಬಳಿಯೇ ಮಾಡಬೇಕು.

ಅದಕ್ಕೂ ಮೊದಲು ಒಂದು ಮಾತು. ನಿಮ್ಮ ಸೊಂಟಕ್ಕೆ ಎಷ್ಟು ಕಿಲೋ ಸೀಸ ಕಟ್ಟಿದ್ದರೆಂದು ನೀವು ಬರೆದಿಲ್ಲ. ಬಹುಶಃ ನಿಮಗೆ ಗೊತ್ತೂ ಇಲ್ಲ. ಹೊಸಬರು ಬೇಗ ಮುಳುಗಲಿ ಎಂದು ದೋಣಿಯ ಹುಡುಗರು ಒಂದೆರಡು ಕಿಲೋ ಹೆಚ್ಚೇ ಕಟ್ಟುವುದುಂಟು. ಆ ಹೆಚ್ಚುವರಿ ಭಾರವನ್ನು ಸರಿದೂಗಿಸಲು ಮೈಮೇಲಿನ ತೇಲುವ ಜಾಕೆಟ್ಟಿಗೆ ಗಾಳಿ ತುಂಬಬೇಕಾಗುತ್ತದೆ. ಆ ಗಾಳಿ ನೀವು ಒಂದು ಮೀಟರ್ ಮೇಲೇರಿದರೆ ಹಿಗ್ಗಿ ನಿಮ್ಮನ್ನು ಇನ್ನಷ್ಟು ಮೇಲಕ್ಕೆ ಎಳೆಯುತ್ತದೆ, ಇಳಿದರೆ ಕುಗ್ಗಿ ಇನ್ನಷ್ಟು ಕೆಳಕ್ಕೆ ತಳ್ಳುತ್ತದೆ. ನೀವು ಹೇಳುವ ಏರಿಳಿತದ ಅರ್ಧ ಕಾರಣ ಇಲ್ಲಿಯೇ ಇದೆ. ಇನ್ನರ್ಧ ಅದನ್ನು ತಡೆಯಲು ನೀವು ಹೊಡೆಯುವ ಕಾಲಿನಲ್ಲಿದೆ, ಗಾಳಿ ಬೇಗ ಮುಗಿಯುವುದೂ ಅದರಿಂದಲೇ. ಮುಂದಿನ ಸಲ ಡೈವ್ ಮುಗಿಸಿ ಸಿಲಿಂಡರಿನಲ್ಲಿ 50 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಗಾಳಿ ಉಳಿದಿರುವಾಗ, ಶಾಂತ ನೀರಿನಲ್ಲಿ, ಶಿಕ್ಷಕರು ಪಕ್ಕದಲ್ಲಿರುವಂತೆ ಜಾಕೆಟ್ಟಿನ ಗಾಳಿಯನ್ನೆಲ್ಲ ಬಿಟ್ಟು ಸುಮ್ಮನೆ ನಿಂತು ನೋಡಿ. ಸಾಧಾರಣ ಉಸಿರು ಒಳಗಿರುವಾಗ ನೀರು ಕಣ್ಣಿನ ಮಟ್ಟಕ್ಕೆ ನಿಂತರೆ ತೂಕ ಸರಿಯಿದೆ, ತಲೆ ಮುಳುಗಿಹೋದರೆ ಒಂದೊಂದೇ ಕಿಲೋ ಇಳಿಸಿ.

ಇನ್ನು ಜೊತೆಗಾರ. ಇಂಗ್ಲಿಷಿನಲ್ಲಿ ಅವನನ್ನು ಬಡ್ಡಿ ಎನ್ನುತ್ತಾರೆ. ನಮ್ಮ ಸಾಲದ ಬಡ್ಡಿಯಂತೆಯೇ ಬೆನ್ನು ಬಿಡದೆ ಇರಬೇಕಾದವನು ಎಂದು ನೆನಪಿಟ್ಟುಕೊಂಡರೆ ಸಾಕು. ಸ್ವಭಾವ ಹೊಂದಬೇಕು, ಮಾತು ಹೊಂದಬೇಕು ಎಂದೆಲ್ಲ ಹುಡುಕಬೇಡಿ, ನೀರಿನಲ್ಲಿ ಮಾತೇ ಇಲ್ಲ. ಹೊಂದಬೇಕಾದದ್ದು ಉದ್ದೇಶ, ವೇಗ ಮತ್ತು ಗಾಳಿಯ ಲೆಕ್ಕ. ಕ್ಯಾಮೆರಾ ಹಿಡಿದವನೂ ಕಣಿವೆಯುದ್ದಕ್ಕೂ ಈಜಬೇಕೆನ್ನುವವನೂ ಜೋಡಿಯಾದರೆ ಇಬ್ಬರಿಗೂ ಡೈವ್ ಕೆಡುತ್ತದೆ. ನಾನೇ ಒಮ್ಮೆ ಅಂಥ ಜೊತೆಗಾರನಾಗಿದ್ದೆ. ಅಂಡಮಾನಿನಲ್ಲಿ ಹವಳದ ಸಂದಿಯಲ್ಲಿದ್ದ ಲಯನ್‌ಫಿಶ್ ಒಂದರ ಚಿತ್ರ ತೆಗೆಯುತ್ತ ಮೈಮರೆತು ತಲೆಯೆತ್ತಿದಾಗ, ಜೊತೆಗಾತಿ ಉಳಿದ ಗಾಳಿಯನ್ನು ತೋರಿಸುವ ತನ್ನ ಗೇಜನ್ನು ನನ್ನ ಮಾಸ್ಕಿನ ಗಾಜಿಗೆ ಒತ್ತಿ ಹಿಡಿದಿದ್ದಳು. ಮುಳ್ಳು 60 ಬಾರಿನಲ್ಲಿ ನಿಂತಿತ್ತು. ಅದಕ್ಕೆ ಮೊದಲು ಮೂರು ಸಲ ಕೈಸಂಜ್ಞೆ ಮಾಡಿದ್ದಳಂತೆ. ದೋಣಿಗೆ ಬಂದ ಮೇಲೆ ಅವಳು ಬೈಯಲಿಲ್ಲ, ಮಧ್ಯಾಹ್ನದ ಡೈವಿಗೆ ಬೇರೆಯವರೊಂದಿಗೆ ಹೋದಳು.

ಆ 60 ಬಾರ್ ಎಂದರೇನೆಂದು ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ಅಲ್ಯೂಮಿನಿಯಂ ಸಿಲಿಂಡರಿನ ಗಾತ್ರ ಸುಮಾರು 11 ಲೀಟರ್. 18 ಮೀಟರ್ ಆಳದಲ್ಲಿ ಒತ್ತಡ 2.8 ಬಾರ್. ಅಲ್ಲಿ ಒಬ್ಬರ ಗಾಳಿ ನಿಂತುಹೋಗಿ ಇಬ್ಬರೂ ಒಂದೇ ಸಿಲಿಂಡರಿನಿಂದ ಉಸಿರಾಡಬೇಕಾಯಿತು ಎಂದುಕೊಳ್ಳಿ. ನೀರಿನ ಮೇಲೆ ತಲೆಗೆ ನಿಮಿಷಕ್ಕೆ 20 ಲೀಟರ್ ಬೇಕಾದರೆ ಆಳದಲ್ಲಿ ಅದನ್ನು ಅಲ್ಲಿನ ಒತ್ತಡದಿಂದ ಗುಣಿಸಬೇಕು. ಹಾಗೆ ಇಬ್ಬರಿಗೆ, ಪರಿಸ್ಥಿತಿ ಸರಿಮಾಡಿಕೊಳ್ಳಲು ಒಂದು ನಿಮಿಷಕ್ಕೆ 112 ಲೀಟರ್, ನಿಮಿಷಕ್ಕೆ 9 ಮೀಟರಿನಂತೆ ಎರಡು ನಿಮಿಷದ ಏರಿಕೆಗೆ (ಸರಾಸರಿ ಒತ್ತಡ 1.9 ಬಾರ್) 152 ಲೀಟರ್, ಸುರಕ್ಷತೆಗಾಗಿ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಲು 180 ಲೀಟರ್ ಬೇಕು. ಒಟ್ಟು 444 ಲೀಟರ್, ಅದನ್ನು ಸಿಲಿಂಡರಿನ 11 ಲೀಟರಿನಿಂದ ಭಾಗಿಸಿದರೆ ಸುಮಾರು 40 ಬಾರ್. ಆದರೆ ಇದು ಶಾಂತವಾಗಿ ಉಸಿರಾಡುವವರ ಲೆಕ್ಕ. ಗಾಬರಿಯಲ್ಲಿ ಉಸಿರು ಒಂದೂವರೆ ಪಟ್ಟಾದರೆ 60 ಬಾರ್ ಬೇಕಾಗುತ್ತದೆ. ನೀರಿಗೆ ಇಳಿಯುವ ಮುನ್ನ ಈ ಲೆಕ್ಕವನ್ನು ನಿಮ್ಮೊಂದಿಗೆ ಕೂತು ಹಾಕಲು ಒಪ್ಪುವವರು ಯಾರೋ ಅವರೇ ನಿಮಗೆ ಹೊಂದುವ ಜೊತೆಗಾರರು. “ಗೈಡ್ ಇದ್ದಾನಲ್ಲ, ನೋಡಿಕೊಳ್ಳುತ್ತಾನೆ” ಎನ್ನುವವರನ್ನು ನಯವಾಗಿ ದೂರವಿಡಿ.

ಅಂಥವರು ಎಲ್ಲಿ ಸಿಗುತ್ತಾರೆಂದರೆ, ಮೊದಲನೆಯದಾಗಿ ಕೋರ್ಸಿನಲ್ಲಿಯೇ. ಮೂರು ನಾಲ್ಕು ದಿನ ಒಟ್ಟಿಗೆ ಎಡವಿದವರ ನಡುವೆ ಹುಟ್ಟುವ ನಂಬಿಕೆ ದೋಣಿಯ ಹತ್ತು ನಿಮಿಷದ ಪರಿಚಯದಲ್ಲಿ ಹುಟ್ಟುವುದಿಲ್ಲ. ಎರಡನೆಯದು ಈಜುಕೊಳ. ಬೆಂಗಳೂರಿನಲ್ಲಿ ಡೈವ್ ಶಾಲೆಗಳು ಕೊಳದಲ್ಲಿ ಅಭ್ಯಾಸ ನಡೆಸುತ್ತವೆ. ಕೋರ್ಸ್ ಮುಗಿದ ಮೇಲೂ ಅಲ್ಲಿಗೆ ಬರುವವರು ಯಾರೆಂದು ಗಮನಿಸಿ. ಸಮುದ್ರಕ್ಕೆ ಎಲ್ಲರೂ ಬರುತ್ತಾರೆ, ಮೀನಿಲ್ಲದ ಕೊಳಕ್ಕೆ ಅಭ್ಯಾಸದ ಹಂಬಲ ಇರುವವರು ಮಾತ್ರ ಬರುತ್ತಾರೆ. ಅವರಲ್ಲಿ ಇಬ್ಬರನ್ನು ಗೊತ್ತುಮಾಡಿಕೊಂಡು, ಮಳೆಗಾಲ ಕಳೆದು ನೇತ್ರಾಣಿಗೆ ದೋಣಿ ಹೊರಡಲು ಶುರುವಾದಾಗ ಒಟ್ಟಿಗೆ ರಾತ್ರಿ ಬಸ್ಸು ಹತ್ತಿ.

ಪ್ರಶ್ನೆ: ನಾನೂ ನನ್ನ ಹೆಂಡತಿಯೂ ಡೈವರುಗಳು. ನೀರಿನಿಂದ ಮೇಲೆ ಬಂದಾಗಲೆಲ್ಲ ಜಗಳವಾಗುತ್ತದೆ. ನಾನು ತಿರುಗಿ ನೋಡುವುದಿಲ್ಲ ಎಂದು ಅವಳ ದೂರು, ಅವಳು ಹಿಂದೆ ಬೀಳುತ್ತಾಳೆ ಎಂದು ನನ್ನದು. ಗಂಡ ಹೆಂಡತಿ ಜೋಡಿಯಾಗಬಾರದೇ?
– ಓದುಗರು, ಮಂಗಳೂರು

ಉತ್ತರ: ಧಾರಾಳವಾಗಿ ಆಗಬಹುದು, ಆದರೆ ಸಾಲಾಗಿ ಅಲ್ಲ, ಪಕ್ಕಪಕ್ಕದಲ್ಲಿ. ಮಾಸ್ಕ್ ಹಾಕಿಕೊಂಡವರಿಗೆ ಬದಿಯ ನೋಟ ಕಡಿಮೆ, ಹಿಂದಿನದಂತೂ ಕಾಣುವುದೇ ಇಲ್ಲ. ಮುಂದೆ ಇರುವವರು ತಿರುಗಬೇಕೆಂದರೆ ಇಡೀ ಮೈ ತಿರುಗಬೇಕು, ಹಾಗಾಗಿ ಯಾರೂ ತಿರುಗುವುದಿಲ್ಲ. ನಿಧಾನವಾಗಿ ಈಜುವವರು ವೇಗ ನಿರ್ಧರಿಸಲಿ. ಅಂದರೆ ಮುಂದಿನ ಹತ್ತು ಡೈವ್‌ಗಳಿಗೆ ನಿಮ್ಮ ಮನೆಯವರೇ ಮುಂದಾಳು. ಇಬ್ಬರ ಕೈಯಲ್ಲೂ ಒಂದೊಂದು ಟಾರ್ಚ್ ಇದ್ದರೆ ಅದರ ಬೆಳಕು ಜೊತೆಗಾರರ ಮುಂದೆ ಮರಳಿನ ಮೇಲೆ ಬಿದ್ದಿರುವಷ್ಟು ಹೊತ್ತು ಅವರು ಪಕ್ಕದಲ್ಲಿದ್ದಾರೆಂದು ನೋಡದೆಯೇ ತಿಳಿಯುತ್ತದೆ. ಒಬ್ಬರನ್ನೊಬ್ಬರು ಕಳೆದುಕೊಂಡರೆ ಒಂದು ನಿಮಿಷಕ್ಕಿಂತ ಹೆಚ್ಚು ಹುಡುಕದೆ, ನಿಯಮದಂತೆ ನಿಧಾನವಾಗಿ ಏರಿ ಮೇಲೆ ಸೇರಿಕೊಳ್ಳಿ. ಇನ್ನೊಂದು ಕರಾರು ಇಬ್ಬರೂ ಒಪ್ಪಿಕೊಳ್ಳಿ: ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಡೈವ್ ಮುಗಿಸಬಹುದು, ಇನ್ನೊಬ್ಬರು ಮುಖ ಸಿಂಡರಿಸುವಂತಿಲ್ಲ. ಗುಹೆಯ ಡೈವರುಗಳಲ್ಲಿ ಇದು ಹಳೆಯ ನಿಯಮ, ದಂಪತಿಗಳಿಗೆ ಇನ್ನೂ ಹೆಚ್ಚು ಬೇಕಾದದ್ದು.

ಪ್ರಶ್ನೆ: ಫಂಡಮೆಂಟಲ್ಸ್ ಕೋರ್ಸಿನಲ್ಲಿ ನನಗೆ ಪೂರ್ಣ ತೇರ್ಗಡೆ ಸಿಗಲಿಲ್ಲ, ‘ಪ್ರಾವಿಷನಲ್’ (ತಾತ್ಕಾಲಿಕ) ಎಂದರು. 40 ಡೈವ್ ಮಾಡಿದವನಿಗೆ ಇದು ಅವಮಾನವಲ್ಲವೇ?
– ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲ. ದುಡ್ಡು ಕೊಟ್ಟವರಿಗೆಲ್ಲ ಕಾರ್ಡ್ ಕೊಡುವ ರೂಢಿಯ ನಡುವೆ, ಇನ್ನೂ ಆಗಿಲ್ಲ ಎಂದು ಮುಖಕ್ಕೆ ಹೇಳುವ ಶಿಕ್ಷಕರು ಸಿಕ್ಕಿದ್ದಾರೆ, ಅದೃಷ್ಟವೆಂದುಕೊಳ್ಳಿ. ಮರುಪರೀಕ್ಷೆಗೆ ನಿಮಗೆ ಆರು ತಿಂಗಳ ಅವಕಾಶವಿದೆ. ಬಾಕಿ ಉಳಿದಿರುವುದು ಹಿಮ್ಮುಖ ಈಜೇ ಎಂದು ನನ್ನ ಊಹೆ, ಬಹುತೇಕರು ಎಡವುವುದು ಅಲ್ಲಿಯೇ. ಕೊಳದ ಗೋಡೆಗೆ ಮುಖ ಮಾಡಿ ಒಂದು ಅಡಿ ದೂರದಲ್ಲಿ ತೇಲುತ್ತ, ಕೈ ಕಟ್ಟಿಕೊಂಡು, ಕಾಲಿಗೆ ಕಟ್ಟುವ ಫಿನ್ನಿನ ಮೇಲ್ಮೈಯಿಂದ ನೀರನ್ನು ಹೊರಕ್ಕೂ ಮುಂದಕ್ಕೂ ತಳ್ಳಿ ಅಭ್ಯಾಸ ಮಾಡಿ. ಗೋಡೆ ದೂರವಾಗುವುದು ಕಂಡ ದಿನ ಶಿಕ್ಷಕರಿಗೆ ಫೋನ್ ಮಾಡಿ.