‘ನಿಷೇಧ ಎಲ್ಲೂ ಗೆದ್ದಿಲ್ಲ’ ಎಂದು ಬರೆದವರಿಗೆ

ನಮಸ್ಕಾರ.

ನಿಮ್ಮ ‘ಬೀಗ ಹಾಕಿದರೆ ಚಟ ಬಿಡುತ್ತದೆಯೇ?’ ಲೇಖನವನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಏಳನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಅದು ಇಲ್ಲದಿದ್ದರೆ ಈ ಪತ್ರ ಎರಡು ಸಾಲಿನಲ್ಲಿ ಮುಗಿಯುತ್ತಿತ್ತು.

ನನಗೆ ಅರ್ಥವಾದಂತೆ ನಿಮ್ಮ ವಾದ ಇಷ್ಟು. ಮದ್ಯವಾಗಲಿ ಡ್ರಗ್ಸ್ ಆಗಲಿ, ನಿಷೇಧ ಹಾಕಿದ ಕಡೆಯಲ್ಲೆಲ್ಲ ಸೋತಿದೆ. ಅದಕ್ಕೆ ಅಮೆರಿಕ ಸಾಕ್ಷಿ. ಪೋರ್ಚುಗಲ್ ಎಲ್ಲ ಡ್ರಗ್ಸನ್ನೂ ಕಾನೂನುಬದ್ಧ ಮಾಡಿ ಗೆದ್ದಿದೆ. ಹಾಗಾಗಿ ಶಿಕ್ಷೆಯನ್ನೇ ಕಿತ್ತುಹಾಕಬೇಕು. ನಿಮ್ಮ ಒಲವಿನ ಬಗ್ಗೆ ನನಗೆ ತಕರಾರಿಲ್ಲ. ನಿಜ ಹೇಳಬೇಕೆಂದರೆ, ಬಳಸುವವರನ್ನು ಜೈಲಿಗೆ ಹಾಕಬಾರದು ಎಂದೇ ನನಗೂ ಅನಿಸುತ್ತದೆ. ಅದಕ್ಕೇ ನಿಮ್ಮ ಮೇಲೆ ಸ್ವಲ್ಪ ಜಾಸ್ತಿ ಸಿಟ್ಟು ಬಂತು. ನಮ್ಮ ಪರವಾಗಿ ಮಾತಾಡುವ ವಕೀಲ ಕಾಗದ ನೋಡದೆ ಕೋರ್ಟಿಗೆ ಬಂದ ಹಾಗಾಯಿತು.

ಅಮೆರಿಕದಿಂದಲೇ ಶುರು ಮಾಡೋಣ. ‘1920ರಿಂದ 1933ರವರೆಗೆ ಅಲ್ಲಿ ಕುಡಿದವರನ್ನೆಲ್ಲ ಜೈಲಿಗೆ ತಳ್ಳಿದರು’ ಎಂದು ಬರೆದಿದ್ದೀರಿ. ಇಲ್ಲ. ಅವರ ಸಂವಿಧಾನದ 18ನೇ ತಿದ್ದುಪಡಿ ನಿಷೇಧಿಸಿದ್ದು ಮದ್ಯ ತಯಾರಿಸುವುದನ್ನು, ಮಾರುವುದನ್ನು, ಸಾಗಿಸುವುದನ್ನು. ಕುಡಿಯುವುದನ್ನಲ್ಲ. ನಿಷೇಧ ಬರುವ ಮುಂಚೆ ಕೊಂಡಿಟ್ಟುಕೊಂಡಿದ್ದನ್ನು ಮನೆಯಲ್ಲಿ ಕುಡಿಯಬಹುದಿತ್ತು. ದುಡ್ಡಿದ್ದವರು ನೆಲಮಾಳಿಗೆ ತುಂಬಿಸಿಕೊಂಡರು. ಇದು ನಿಮ್ಮ ವಾದಕ್ಕೇ ಬಲ ಕೊಡುವ ವಿಷಯ ಅಲ್ವಾ? ಒಂದೇ ಕಾನೂನು ಒಬ್ಬರಿಗೆ ಬಾಗಿಲು ಮುಚ್ಚಿತು, ಇನ್ನೊಬ್ಬರಿಗೆ ಕಿಟಕಿ ತೆರೆದಿಟ್ಟಿತು. ಅದನ್ನು ಬಿಟ್ಟು ಸುಳ್ಳು ವಾಕ್ಯವೊಂದನ್ನು ಹಿಡಿದುಕೊಂಡಿದ್ದೀರಿ.

ಇನ್ನೂ ಒಂದಿದೆ. ನಿಷೇಧದ ಮೊದಲ ವರ್ಷಗಳಲ್ಲಿ ಅಲ್ಲಿ ಕುಡಿತ ಕಡಿಮೆಯಾಗಿತ್ತು. ಕುಡಿತದಿಂದ ಲಿವರ್ ಕೆಟ್ಟು ಸಾಯುವವರ ಪ್ರಮಾಣವೂ ಇಳಿದಿತ್ತು. ಆ ಇಳಿತ ನಿಷೇಧಕ್ಕೆ ಕೆಲವು ವರ್ಷ ಮುಂಚೆಯೇ ಶುರುವಾಗಿತ್ತು ಎಂದು ನೀವು ವಾದ ಮಾಡಬಹುದು, ಮಾಡಿ. ಆದರೆ ಇಳಿದೇ ಇಲ್ಲ ಎಂಬಂತೆ ಬರೆಯಬೇಡಿ. ಓದುಗರಲ್ಲಿ ಒಬ್ಬರಿಗೆ ಇದು ಗೊತ್ತಿದ್ದರೂ ಸಾಕು, ಮುಂದಿನ ಹತ್ತು ಪುಟವನ್ನು ಅವರು ನಂಬುವುದಿಲ್ಲ.

ಸೋವಿಯತ್ ಒಕ್ಕೂಟವನ್ನು ನೀವು ಮುಟ್ಟೇ ಇಲ್ಲ. 1985ರಲ್ಲಿ ಗೋರ್ಬಚೇವ್ ಕುಡಿತದ ವಿರುದ್ಧ ದೊಡ್ಡ ಅಭಿಯಾನ ಶುರು ಮಾಡಿದರು. ಪೂರ್ತಿ ನಿಷೇಧವಲ್ಲ. ಅಂಗಡಿಗಳು ಕಡಿಮೆಯಾದವು, ಮಾರುವ ಹೊತ್ತು ಕಡಿಮೆಯಾಯಿತು, ಬೆಲೆ ಏರಿತು. ಎರಡೇ ವರ್ಷದಲ್ಲಿ ರಷ್ಯಾದ ಗಂಡಸರ ಸರಾಸರಿ ಆಯಸ್ಸು ಹೆಚ್ಚುಕಮ್ಮಿ ಮೂರು ವರ್ಷ ಏರಿತು. ಜೊತೆಗೆ ಇನ್ನೇನಾಯಿತು? ಜನ ಮನೆಯಲ್ಲೇ ಕಳ್ಳಭಟ್ಟಿ ಇಳಿಸಲು ಕೂತರು, ಅಂಗಡಿಗಳಲ್ಲಿ ಸಕ್ಕರೆ ಸಿಗದಂತಾಯಿತು. ಸರ್ಕಾರದ ವರಮಾನ ಕುಸಿಯಿತು. ಕೆಲವೇ ವರ್ಷದಲ್ಲಿ ಅಭಿಯಾನ ಕೈಬಿಟ್ಟರು. ಇದನ್ನು ಗೆಲುವು ಎನ್ನುತ್ತೀರಾ, ಸೋಲು ಎನ್ನುತ್ತೀರಾ? ನನಗೂ ಥಟ್ಟನೆ ಉತ್ತರ ಬರುವುದಿಲ್ಲ. ಅದಕ್ಕೇ ಇದು ನಿಮ್ಮ ಲೇಖನದಲ್ಲಿ ಇರಬೇಕು. ‘ಎಲ್ಲೂ ಗೆದ್ದಿಲ್ಲ’ ಎಂಬ ಮಾತು ಇದರ ಮುಂದೆ ನಿಲ್ಲುವುದಿಲ್ಲ.

ನಿಷೇಧದ ಕಾಲದಲ್ಲಿ ಕಳ್ಳಮದ್ಯ ಮಾರಿ ಹೆಸರಾದ ಅಮೆರಿಕದ ಆಲ್ ಕಪೋನ್ ಬಗ್ಗೆ ಒಂದೂವರೆ ಪುಟ ಇದೆ. ದಯವಿಟ್ಟು ತೆಗೆಯಿರಿ. ನಿಷೇಧದ ಬಗ್ಗೆ ಬರೆಯುವವರೆಲ್ಲ ಅವನ ಮನೆ ಮುಂದೆ ಹಾದುಹೋಗಿಯೇ ಬರುತ್ತಾರೆ. ಅವನ ಬದಲು ಮಿಷಿಗನ್ ರಾಜ್ಯದ ಒಬ್ಬ ಹೆಂಗಸನ್ನು ತನ್ನಿ. ಹತ್ತು ಮಕ್ಕಳ ತಾಯಿ. ಮದ್ಯದ ಕೇಸಿನಲ್ಲಿ ನಾಲ್ಕನೇ ಸಲ ಸಿಕ್ಕಿಬಿದ್ದಳು. ಪದೇ ಪದೇ ತಪ್ಪು ಮಾಡುವವರಿಗೆ ಎಂದು ಆ ರಾಜ್ಯ ಒಂದು ಕಾನೂನು ಮಾಡಿಟ್ಟಿತ್ತು. ಅದರಡಿ 1928ರ ಕೊನೆಯಲ್ಲಿ ಅವಳಿಗೆ ಜೀವಾವಧಿ ಶಿಕ್ಷೆ ಆಯಿತು. ದೇಶದ ತುಂಬ ಗಲಾಟೆಯಾಯಿತು, ಕೊನೆಗೆ ಶಿಕ್ಷೆ ಇಳಿಸಿದರು. ಆದರೆ ಅಷ್ಟು ಗಲಾಟೆಯ ನಡುವೆಯೇ, 1929ರಲ್ಲಿ ಕೇಂದ್ರದ ಸಂಸತ್ತು ಮದ್ಯದ ಅಪರಾಧಗಳಿಗೆ ಗರಿಷ್ಠ ಶಿಕ್ಷೆಯನ್ನು ಐದು ವರ್ಷ ಜೈಲು, 10,000 ಡಾಲರ್ ದಂಡಕ್ಕೆ ಏರಿಸಿತು. ಅದಾಗಿ ಐದು ವರ್ಷ ತುಂಬುವುದರೊಳಗೆ ನಿಷೇಧವೇ ಇರಲಿಲ್ಲ. ಕಾನೂನು ಸೋಲುತ್ತಿದೆ ಎಂದು ಗೊತ್ತಾದಾಗ ಅಧಿಕಾರದಲ್ಲಿರುವವರು ಮೊದಲು ಮಾಡುವುದೇ ಶಿಕ್ಷೆ ಏರಿಸುವುದು. ಈ ಒಂದು ವಿಷಯ ನಿಮ್ಮ ಲೇಖನದ ಬೆನ್ನೆಲುಬಾಗಬಹುದು. ನೀವದನ್ನು ದರೋಡೆಕೋರನ ಕೋಟು ಟೋಪಿಯ ವರ್ಣನೆಗೆ ಬಿಟ್ಟುಕೊಟ್ಟಿದ್ದೀರಿ.

ಈಗ ನನಗೆ ನಿಜವಾಗಿ ಬೇಜಾರಾದ ಜಾಗ. ಅಮೆರಿಕದಲ್ಲಿ ಮದ್ಯ ನಿಷೇಧ ಬೇಕೆಂದು ಬೀದಿಗಿಳಿದ ಹೆಂಗಸರನ್ನು ‘ಮಡಿವಂತ ಮುದುಕಿಯರು’ ಎಂದು ಕರೆದಿದ್ದೀರಿ. ಅವರು ಯಾಕೆ ಬೀದಿಗೆ ಬಂದರು ಎಂದು ಒಂದು ಸಾಲನ್ನೂ ಬರೆದಿಲ್ಲ. ಅವರಿಗೆ ವೋಟಿರಲಿಲ್ಲ. ಗಂಡನನ್ನು ಬಿಟ್ಟು ಹೋಗುವುದು ಕಷ್ಟವಿತ್ತು. ಅವನು ಕೂಲಿ ದುಡ್ಡನ್ನೆಲ್ಲ ಕುಡಿದು ಬಂದು ಹೊಡೆದರೆ ಹೇಳಿಕೊಳ್ಳುವ ಜಾಗವಿರಲಿಲ್ಲ. ಹೆಂಡದಂಗಡಿ ಮುಚ್ಚಿಸುವುದೊಂದೇ ಅವರಿಗೆ ಕಂಡ ದಾರಿ. ಆ ದಾರಿ ತಪ್ಪು ಎನ್ನಿ, ಪರವಾಗಿಲ್ಲ. ಆದರೆ ಅವರ ನೋವಿಗೆ ನಿಮ್ಮ ಹತ್ತಿರ ಬೇರೆ ಉತ್ತರ ಏನಿದೆ? ಮುಂದೆ ನಿಷೇಧ ತೆಗೆಯಿರಿ ಎಂದು ಜೋರಾಗಿ ದನಿ ಎತ್ತಿದವರಲ್ಲೂ ಹೆಂಗಸರಿದ್ದರು. ಮೊದಲು ನಿಷೇಧದ ಪರವಿದ್ದ ಪಾಲಿನ್ ಸಬಿನ್ 1929ರಲ್ಲಿ ಅದನ್ನು ತೆಗೆಸಲೆಂದೇ ಮಹಿಳೆಯರ ಸಂಘಟನೆ ಕಟ್ಟಿದರು. ಅವರೂ ಮಕ್ಕಳ ಹೆಸರಲ್ಲೇ ಮಾತಾಡಿದರು. ಎರಡೂ ಕಡೆಯವರ ಬಾಯಲ್ಲಿ ಒಂದೇ ಮಾತು. ಇಂಥ ಜಾಗದಲ್ಲಿ ಲೇಖಕರು ನಿಧಾನವಾಗಿ ನಡೆಯಬೇಕು, ನೀವು ಓಡಿಬಿಟ್ಟಿದ್ದೀರಿ.

ಪೋರ್ಚುಗಲ್ ವಿಷಯ ಪೂರ್ತಿ ತಪ್ಪು. ಅಲ್ಲಿ ಡ್ರಗ್ಸ್ ಕಾನೂನುಬದ್ಧವಲ್ಲ. 2001ರಿಂದ ಆಗಿರುವುದು ಇಷ್ಟು: ಸ್ವಂತ ಬಳಕೆಗೆ, ಹತ್ತು ದಿನಕ್ಕಾಗುವಷ್ಟರೊಳಗೆ ಇಟ್ಟುಕೊಂಡು ಸಿಕ್ಕಿಬಿದ್ದವರ ಮೇಲೆ ಕ್ರಿಮಿನಲ್ ಕೇಸ್ ಹಾಕುವುದಿಲ್ಲ. ಮಾಲು ಕಿತ್ತುಕೊಂಡು ಒಂದು ಸಣ್ಣ ಸಮಿತಿಯ ಮುಂದೆ ಕಳಿಸುತ್ತಾರೆ. ಆ ಸಮಿತಿ ಅವರ ಜೊತೆ ಮಾತಾಡಿ ಚಿಕಿತ್ಸೆಗೆ ಕಳಿಸಬಹುದು, ದಂಡ ಹಾಕಬಹುದು, ಸುಮ್ನೆ ಬಿಡಲೂಬಹುದು. ಮಾರಿದವನು ಈಗಲೂ ಜೈಲಿಗೇ ಹೋಗುತ್ತಾನೆ. ಅಪರಾಧವಲ್ಲ ಎನ್ನುವುದು ಬೇರೆ, ಕಾನೂನುಬದ್ಧ ಎನ್ನುವುದು ಬೇರೆ. ನಿಮ್ಮ ಇಡೀ ಲೇಖನ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿದೆ. ಸೂಜಿ ಹಂಚಿಕೊಂಡು ಎಚ್‌ಐವಿ ಹರಡುವುದು ಅಲ್ಲಿ ತೀರ ಕಡಿಮೆಯಾದದ್ದು ನಿಜ. ಆದರೆ ಅದು ಬರೀ ಕೇಸ್ ಬಿಟ್ಟಿದ್ದರಿಂದ ಆದದ್ದಲ್ಲ. ಅದೇ ಹೊತ್ತಿಗೆ ಚಿಕಿತ್ಸೆಗೆ ದುಡ್ಡು ಸುರಿದರು, ಹೊಸ ಸೂಜಿ ಕೊಟ್ಟರು.

ಇದಕ್ಕೆ ಸಾಕ್ಷಿ ಬೇಕಿದ್ದರೆ ಓರೆಗಾನ್ ನೋಡಿ. ಅಮೆರಿಕದ ಆ ರಾಜ್ಯದ ಜನ 2020ರಲ್ಲಿ ಸಣ್ಣ ಪ್ರಮಾಣದ ಡ್ರಗ್ಸ್ ಇಟ್ಟುಕೊಳ್ಳುವುದಕ್ಕೆ ಜೈಲು ಬೇಡ ಎಂದು ವೋಟು ಹಾಕಿದರು. 100 ಡಾಲರ್ ದಂಡ, ಇಲ್ಲವೇ ಸಹಾಯವಾಣಿಗೆ ಒಂದು ಫೋನ್. ಫೋನ್ ಮಾಡಿದವರು ಬಹಳ ಕಡಿಮೆ. ಚಿಕಿತ್ಸೆಗೆ ಎಂದು ಇಟ್ಟಿದ್ದ ದುಡ್ಡು ತಲುಪಿದ್ದು ತಡವಾಗಿ. ಅಷ್ಟರಲ್ಲಿ ಫೆಂಟನಿಲ್ ಎಂಬ ಅತಿ ಪ್ರಬಲ ಡ್ರಗ್ ಬಂದು ಬೀದಿ ತುಂಬಿತು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಮತ್ತೆ ಅಪರಾಧ ಮಾಡಿದರು. ನಿಮ್ಮ ಎದುರಾಳಿ ಎದ್ದು ನಿಂತು ಮೊದಲು ಕೇಳುವುದೇ ಇದನ್ನು. ಅವನು ಕೇಳುವ ಮುಂಚೆ ನೀವೇ ಹೇಳಿಬಿಡಿ. ತಪ್ಪಾಗಿದ್ದು ಶಿಕ್ಷೆ ತೆಗೆದದ್ದೋ, ತೆಗೆದ ಜಾಗದಲ್ಲಿ ಏನನ್ನೂ ಇಡದೇ ಇದ್ದದ್ದೋ? ಫೆಂಟನಿಲ್‌ನ ಪಾಲು ಎಷ್ಟು? ಅಲ್ಲಿ ನಿಮ್ಮ ತಲೆ ಓಡಲಿ.

ಭಾಷೆಯ ಬಗ್ಗೆ ಚಿಕ್ಕದಾಗಿ. ‘ಕ್ರೂರ, ಬರ್ಬರ, ಅಮಾನವೀಯ’ ಒಂದೇ ವಾಕ್ಯದಲ್ಲಿ ಮೂರೂ ಬೇಡ. ಒಂದು ಸಂಖ್ಯೆ ಈ ಮೂರರ ಕೆಲಸ ಮಾಡುತ್ತದೆ. 1986ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. 500 ಗ್ರಾಂ ಕೊಕೇನ್ ಪುಡಿಗೆ ಕನಿಷ್ಠ ಐದು ವರ್ಷ ಜೈಲು. ಅದೇ ಕೊಕೇನನ್ನು ಕಾಯಿಸಿ ಹರಳು ಮಾಡಿದರೆ ಅದು ಕ್ರ್ಯಾಕ್. ಅದರ 5 ಗ್ರಾಂಗೇ ಐದು ವರ್ಷ. ಕ್ರ್ಯಾಕ್ ಕೇಸುಗಳಲ್ಲಿ ಒಳಗೆ ಹೋದವರಲ್ಲಿ ಹೆಚ್ಚಿನವರು ಕಪ್ಪು ಜನ. ಆ ನೂರರ ಅಂತರ 2010ರಲ್ಲಿ ಹದಿನೆಂಟಕ್ಕೆ ಇಳಿಯಿತು, ಒಂದಕ್ಕೆ ಇಳಿಯಲಿಲ್ಲ. ಇದನ್ನು ಬರೆದು ಪಕ್ಕಕ್ಕೆ ಸರಿಯಿರಿ. ವಿಶೇಷಣ ಓದುಗರೇ ಹಾಕಿಕೊಳ್ಳುತ್ತಾರೆ.

‘ಶಿಕ್ಷೆಯ ಭಯ ಅನ್ನುವುದೇ ಸುಳ್ಳು’ ಎಂಬ ಸಾಲನ್ನೂ ತಿದ್ದಿ. ಭಯ ಸುಳ್ಳಲ್ಲ. ಇಟಲಿಯ ಚಿಂತಕ ಬೆಕ್ಕಾರಿಯಾ 1764ರಲ್ಲೇ ಹೇಳಿದ್ದು, ಶಿಕ್ಷೆ ಎಷ್ಟು ಘೋರ ಎನ್ನುವುದಕ್ಕಿಂತ ಎಷ್ಟು ಖಚಿತ ಎನ್ನುವುದು ಜನರನ್ನು ತಡೆಯುತ್ತದೆ ಎಂದು. ಕೊಲೆಯಲ್ಲಿ ಸತ್ತವನ ಕಡೆಯವರು ದೂರು ಕೊಡುತ್ತಾರೆ. ಡ್ರಗ್ಸ್ ವ್ಯವಹಾರದಲ್ಲಿ ಕೊಟ್ಟವನೂ ದೂರು ಕೊಡುವುದಿಲ್ಲ, ತೆಗೆದುಕೊಂಡವನೂ ಕೊಡುವುದಿಲ್ಲ. ಹಾಗಾಗಿ ಸಿಕ್ಕಿಬೀಳುವುದು ಲಾಟರಿ ಇದ್ದಂತೆ. ಖಚಿತ ಮಾಡಲಾಗದ್ದನ್ನು ಘೋರ ಮಾಡುತ್ತಾರೆ. ಮಿಷಿಗನ್ ತಾಯಿಯ ಕತೆಯೂ 5 ಗ್ರಾಂ ಕತೆಯೂ ಇಲ್ಲಿಗೇ ಬಂದು ಸೇರುತ್ತವೆ, ನೋಡಿದಿರಾ?

ಕೊನೆಗೆ ಏಳನೇ ಪುಟ. ನಿಮ್ಮ ಕಾಲೇಜಿನ ಗೆಳೆಯ. ಜೇಬಿನಲ್ಲಿ ಒಂದು ಸಣ್ಣ ಪೊಟ್ಟಣ ಸಿಕ್ಕಿತು. ಹೊರಗೆ ಬಂದು ನಾಲ್ಕು ವರ್ಷವಾದರೂ, ಕೆಲಸದ ಅರ್ಜಿಯಲ್ಲಿ ‘ನಿಮ್ಮ ಮೇಲೆ ಎಂದಾದರೂ ಕೇಸ್ ಇತ್ತೇ?’ ಎಂಬ ಖಾನೆಗೆ ಬಂದ ಕೂಡಲೇ ಪೆನ್ ಕೆಳಗಿಡುತ್ತಾನೆ ಎಂದು ಬರೆದಿದ್ದೀರಿ. ಆರೇ ಸಾಲು. ಆಮೇಲೆ ಮತ್ತೆ ಭಾಷಣ ಶುರುವಾಗುತ್ತದೆ. ನನಗೆ ಆ ಪೆನ್ ಕೆಳಗಿಟ್ಟ ಕೈ ಬೇಕು. ಜಾಮೀನು ಸಿಗಲು ಎಷ್ಟು ದಿನ ಹಿಡಿಯಿತು? ನೋಡಲು ಯಾರು ಹೋದರು, ಯಾರು ಹೋಗಲಿಲ್ಲ? ನೀವು ಹೋದಿರಾ? ಅವನಿಗೆ ಅದನ್ನು ಮಾರಿದವನು ಸಿಕ್ಕಿಬಿದ್ದನೇ? ನಿಮ್ಮ ಗೆಳೆಯ ಚಟ ಬಿಟ್ಟನೇ, ಬಿಟ್ಟಿದ್ದರೆ ಜೈಲಿನಿಂದಲೋ ಜೈಲನ್ನೂ ಮೀರಿಯೋ? ಅವನ ಮನೆಯವರಿಗೆ ಶಿಕ್ಷೆ ಸರಿ ಅನಿಸಿದ್ದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ.

ಲೇಖನ ಅಲ್ಲಿಂದ ಶುರುವಾಗಲಿ. ಈಗಿರುವ ಹದಿನಾಲ್ಕು ಪುಟ ಎಂಟಕ್ಕೆ ಇಳಿಯಲಿ. ಅವನ ಹೆಸರು, ಕಾಲೇಜಿನ ಹೆಸರು ಎರಡನ್ನೂ ಹಾಗೇ ಹಾಕಿದ್ದೀರಿ, ತೆಗೆಯಿರಿ. ಅದಕ್ಕೂ ಮುಂಚೆ ಬರೆದದ್ದನ್ನು ಅವನಿಗೆ ತೋರಿಸಿ, ಒಪ್ಪಿಗೆ ಕೇಳಿ. ಅವನು ಬೇಡ ಎಂದರೆ ಬೇಡ. ಆಗ ನನಗೊಂದು ಪತ್ರ ಹಾಕಿ, ಬೇರೆ ಕಡೆಯಿಂದ ಹೇಗೆ ಶುರು ಮಾಡಬಹುದು ಎಂದು ಇಬ್ಬರೂ ಕೂತು ಯೋಚಿಸೋಣ.